ಮೆಟ್ಟಿಲ ಕೆಳಗೆ ನಿಂತವರ ಇತಿಹಾಸ



ಐತಿಹಾಸಿಕ ಸ್ಥಳವೊಂದನ್ನು ನೋಡಿಬಂದವರನ್ನು ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಏನೇನು ನೋಡಿದಿರಿ?" ಎಂಬುದು. "ನಿಮ್ಮ ಜೊತೆ ಬಂದವರಲ್ಲಿ ಯಾರಿಗೆ ನೋಡಲಾಗಲಿಲ್ಲ?" ಎಂದು ಕೇಳುವವರು ವಿರಳ. ಅರಮನೆ, ಕೋಟೆ, ಉದ್ಯಾನಗಳ ಇತಿಹಾಸವನ್ನು ಅವುಗಳನ್ನು ಕಟ್ಟಿದವರ ಕಡೆಯಿಂದ ನಾವು ಓದಿದ್ದೇವೆ; ಗೆದ್ದವರ ಕಡೆಯಿಂದ, ಸೋತವರ ಕಡೆಯಿಂದಲೂ ಓದಿದ್ದೇವೆ. ಅದೇ ಕಟ್ಟಡದ ಮೆಟ್ಟಿಲ ಕೆಳಗೆ ನಿಂತವರ ಕಡೆಯಿಂದಲೂ ಒಂದು ಇತಿಹಾಸವಿದೆ. ಅದನ್ನು ಈ ಲೇಖನದಲ್ಲಿ ಸ್ವಲ್ಪ ನೋಡೋಣ.

ಒಂದು ಪ್ರವಾಸದ ನೆನಪು

ಇದು ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಪ್ರೌಢಶಾಲೆಯೊಂದರಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದ ನಾನು ಹತ್ತನೆಯ ತರಗತಿಯ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದೆ. ಮಕ್ಕಳ ಪೈಕಿ ಒಬ್ಬ ಹುಡುಗಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಒಂದು ಕಾಲಿಗೆ ಕಬ್ಬಿಣದ ಕ್ಯಾಲಿಪರ್, ಕಂಕುಳಲ್ಲಿ ಊರುಗೋಲು. ದರಿಯಾ ದೌಲತ್ ಬಾಗ್‌ನ ಹೆಬ್ಬಾಗಿಲಿನಿಂದ ಮನೆಯವರೆಗಿನ ಉದ್ದನೆಯ ದಾರಿಯನ್ನು ಆಕೆ ತನ್ನದೇ ವೇಗದಲ್ಲಿ, ಯಾರ ನೆರವೂ ಇಲ್ಲದೆ ನಡೆದು ಬಂದಳು. ಎತ್ತರದ ಜಗಲಿಯ ಮೆಟ್ಟಿಲುಗಳ ಮುಂದೆ ಬಂದಾಗ ನಿಂತಳು.

ಇಬ್ಬರು ಹುಡುಗರು ಮುಂದೆ ಬಂದು ಎತ್ತಿಕೊಂಡು ಹೋಗುತ್ತೇವೆ ಎಂದರು. ಆಕೆ ಒಪ್ಪಲಿಲ್ಲ. "ಎತ್ಕೊಂಡು ಹೋಗೋದು ಬೇಡ ಸಾರ್, ನಾನೇನು ಚಿಕ್ಕ ಮಗುವಾ?" ಎಂದಳು. ನನಗೆ ಬೇರೇನೂ ತೋಚಲಿಲ್ಲ. "ಹಾಗಾದರೆ ಇಲ್ಲೇ ನೆರಳಲ್ಲಿ ಕೂತಿರಮ್ಮ, ಹತ್ತು ನಿಮಿಷದಲ್ಲಿ ಬಂದುಬಿಡ್ತೀವಿ" ಎಂದು ಹೇಳಿ ಉಳಿದವರೊಂದಿಗೆ ಮೇಲೆ ಹತ್ತಿದೆ. ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ನಾವು ಇಳಿದು ಬಂದಾಗ ಅವಳು ಬೇಸರವನ್ನೇನೂ ತೋರಿಸಲಿಲ್ಲ. "ಗೋಡೆ ಮೇಲೆ ಏನಿತ್ತು ಸಾರ್?" ಎಂದು ಕೇಳಿದಳು.

ನಾನು ಹೇಳಿದೆ. ಆನೆಗಳು, ಕುದುರೆಗಳು, ಸಿಡಿಯುವ ಮದ್ದಿನ ಬಂಡಿ, ನಡುವೆ ಮೇನೆಯೊಳಗೆ ಕುಳಿತ ಕರ್ನಲ್ ಬೇಲಿ. ಆತನಿಗೆ ಗಾಯವಾಗಿತ್ತು, ಆದ್ದರಿಂದ ಮೇನೆಯಲ್ಲಿ ಕೂರಿಸಿದ್ದರು ಎಂದೆ. ಆಕೆ ಒಂದು ಕ್ಷಣ ಯೋಚಿಸಿ ಮತ್ತೆ ಕೇಳಿದಳು: "ಬೇರೆ ಸಿಪಾಯಿಗಳಿಗೆ ಏಟು ಬಿದ್ದಿದ್ರೆ ಅವರನ್ನೂ ಹೊತ್ಕೊಂಡು ಹೋಗ್ತಿದ್ರಾ ಸಾರ್?"

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅನೇಕ ವರ್ಷ ಪಾಠ ಮಾಡಿದ ಮೇಲೂ ಅಷ್ಟು ಒಳ್ಳೆಯ ಇತಿಹಾಸದ ಪ್ರಶ್ನೆಯನ್ನು ಬೇರೆ ವಿದ್ಯಾರ್ಥಿಗಳಿಂದ ನಾನು ಕೇಳಿದ್ದು ಕಡಿಮೆ. ಚಿತ್ರವನ್ನು ನೋಡಿಬಂದ ನಲವತ್ತು ಮಕ್ಕಳಿಗೆ ಹೊಳೆಯದಿದ್ದುದು ನೋಡಲಾಗದವಳಿಗೆ ಹೊಳೆದಿತ್ತು.

ತೋಟ ಮತ್ತು ಮನೆ

ದರಿಯಾ ದೌಲತ್ ಶ್ರೀರಂಗಪಟ್ಟಣ ದ್ವೀಪದಲ್ಲಿ ಕೋಟೆಯ ಹೊರಗೆ, ಕಾವೇರಿಯ ದಂಡೆಗೆ ಹತ್ತಿರದಲ್ಲಿದೆ. ಟಿಪ್ಪು ಸುಲ್ತಾನ್ ಇದನ್ನು 1784ರಲ್ಲಿ ಬೇಸಿಗೆಯ ವಿಹಾರಕ್ಕೆಂದು ಕಟ್ಟಿಸಿದನು. ಆ ವರ್ಷವೇ ಮಂಗಳೂರು ಒಪ್ಪಂದದೊಡನೆ ಎರಡನೆಯ ಮೈಸೂರು ಯುದ್ಧ ಮುಗಿದಿತ್ತು. ಕೋಟೆಯೊಳಗೆ ಟಿಪ್ಪು ವಾಸಿಸುತ್ತಿದ್ದ ಲಾಲ್ ಮಹಲ್ ಅರಮನೆ ಇಂದು ಉಳಿದಿಲ್ಲ. ತೋಟದ ನಡುವಿನ ಈ ಮನೆ ಉಳಿದಿದೆ. ಬಹುಪಾಲು ತೇಗದ ಮರದಲ್ಲಿ ಕಟ್ಟಿದ, ಸುತ್ತಲೂ ಕಂಬಗಳ ಪಡಸಾಲೆಯಿರುವ ಆಯತಾಕಾರದ ಕಟ್ಟಡ ಇದು.

ಇದರ ಉದ್ಯಾನ ಮೊಗಲರ ಕಾಲದಿಂದ ನಮ್ಮ ದೇಶದಲ್ಲಿ ಬೇರೂರಿದ ಪರ್ಷಿಯನ್ ಸಂಪ್ರದಾಯಕ್ಕೆ ಸೇರಿದ್ದು. ಆ ಸಂಪ್ರದಾಯದಲ್ಲಿ ನೇರವಾದ ದಾರಿ, ಎರಡೂ ಬದಿಗೆ ಒಂದೇ ಅಳತೆಯ ಪಾತಿಗಳು, ಕೊನೆಯಲ್ಲಿ ಕಟ್ಟಡ. ಬಾಗಿಲಲ್ಲಿ ನಿಂತವನ ಕಣ್ಣು ತಾನಾಗಿಯೇ ಮನೆಯ ಕಡೆಗೆ ಸಾಗಬೇಕು. ಹೈದರಾಲಿ ಬೆಂಗಳೂರಿನಲ್ಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಕೂಡ ಇದೇ ಪರಂಪರೆಯದು. ಇಂಥ ತೋಟಗಳ ಒಂದು ಗುಣವನ್ನು ಗಮನಿಸಿ. ನೆಲ ಸಮತಟ್ಟು, ದಾರಿ ಅಗಲ. ನಿಧಾನವಾಗಿ ನಡೆಯುವವರಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಅಂಥ ನೆಲ ಬಹಳ ಮಟ್ಟಿಗೆ ಒದಗಿಬರುತ್ತದೆ. ತೊಡಕು ಆರಂಭವಾಗುವುದು ತೋಟ ಮುಗಿದು ಮನೆ ಆರಂಭವಾಗುವಲ್ಲಿ.

ದರಿಯಾ ದೌಲತ್ ಸುಮಾರು ಐದು ಅಡಿ ಎತ್ತರದ ಜಗಲಿಯ ಮೇಲೆ ನಿಂತಿದೆ. ಈ ಎತ್ತರಕ್ಕೆ ಕಾರಣಗಳಿವೆ. ನದಿಯ ಪಕ್ಕದ ತೇವದ ನೆಲದಿಂದಲೂ ಗೆದ್ದಲಿನಿಂದಲೂ ಮರದ ಕಟ್ಟಡವನ್ನು ಕಾಪಾಡಲು ಜಗಲಿ ಬೇಕು. ಎತ್ತರದಲ್ಲಿ ಕುಳಿತರೆ ಗಾಳಿ ಚೆನ್ನಾಗಿ ಬೀಸುತ್ತದೆ, ತೋಟವೆಲ್ಲ ಕಣ್ಣಿಗೆ ಕಾಣುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ನಮ್ಮ ವಾಸ್ತುಪರಂಪರೆಯಲ್ಲಿ ಎತ್ತರವೆಂದರೆ ಗೌರವ. ಬೇಲೂರು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಎತ್ತರದ ಜಗತಿಯ ಮೇಲೆ ನಿಂತಿವೆ. ಶ್ರೀರಂಗಪಟ್ಟಣದ ಇನ್ನೊಂದು ತುದಿಯಲ್ಲಿರುವ ಗುಂಬಜ್ ಕೂಡ ಎತ್ತರದ ಪೀಠದ ಮೇಲಿದೆ. ಕೆಳಗಿರುವವನು ಹತ್ತಿ ಬರಬೇಕು, ಮೇಲಿರುವವನು ಕಾದಿರುತ್ತಾನೆ ಎಂಬ ವ್ಯವಸ್ಥೆಯನ್ನು ಆ ಕಾಲದವರು ಕಲ್ಲಿನಲ್ಲಿಯೇ ಬರೆದಿಟ್ಟರು. ಮೆಟ್ಟಿಲು ಬರಿಯ ಅನುಕೂಲದ ವಸ್ತುವಲ್ಲ, ಅದೂ ಒಂದು ದಾಖಲೆ.

ಮನೆಯ ಮೇಲಂತಸ್ತಿಗೆ ನಾಲ್ಕು ಮೆಟ್ಟಿಲುಸಾಲುಗಳಿವೆ. ಅವು ಗೋಡೆಗಳ ನಡುವೆ ಅಡಗಿಕೊಂಡಿವೆ. ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅಂದರೆ ಅತಿಥಿಗಳಿಗೆ ಕಾಣಬೇಕಾದ ಮೆಟ್ಟಿಲು ಒಂದು ಬಗೆ, ಮನೆಯವರು ಓಡಾಡಬೇಕಾದ ಮೆಟ್ಟಿಲು ಇನ್ನೊಂದು ಬಗೆ. ಯಾರು ಎಲ್ಲಿ ಹೇಗೆ ಓಡಾಡಬೇಕು ಎಂಬುದನ್ನು ಕಟ್ಟಡವೇ ನಿರ್ಧರಿಸುತ್ತಿತ್ತು.

ಗೋಡೆಯ ಮೇಲಿನ ಮೇನೆ

ಈ ಮನೆಯ ಪ್ರಸಿದ್ಧಿಗೆ ಮುಖ್ಯ ಕಾರಣ ಅದರ ಭಿತ್ತಿಚಿತ್ರಗಳು. ಪೂರ್ವದ ಗೋಡೆಯಲ್ಲಿ ಅರಸರ ಒಡ್ಡೋಲಗಗಳಿವೆ. ಪಶ್ಚಿಮದ ಗೋಡೆಯಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೇನೆಯ ಮೆರವಣಿಗೆಯೂ ಪೊಳ್ಳಿಲೂರಿನ ಯುದ್ಧವೂ ಇವೆ. ಕಾಂಚೀಪುರದ ಬಳಿ 1780ರ ಸೆಪ್ಟೆಂಬರ್ 10ರಂದು ನಡೆದ ಆ ಕಾಳಗದಲ್ಲಿ ಕರ್ನಲ್ ವಿಲಿಯಂ ಬೇಲಿಯ ನಾಯಕತ್ವದ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಮೈಸೂರಿನ ಸೇನೆ ಸಂಪೂರ್ಣವಾಗಿ ಸೋಲಿಸಿತು. ಕಂಪನಿಯ ಮದ್ದಿನ ಬಂಡಿಗಳು ಸಿಡಿದದ್ದು ಸೋಲಿಗೆ ಒಂದು ಮುಖ್ಯ ಕಾರಣವಾಯಿತು. ಚಿತ್ರಕಾರನು ಆ ಸ್ಫೋಟವನ್ನೂ ಬಿಡದೆ ಬರೆದಿದ್ದಾನೆ. ಚೌಕಾಕಾರವಾಗಿ ನಿಂತ ಕೆಂಪಂಗಿಯ ಸಿಪಾಯಿಗಳ ನಡುವೆ ಮೇನೆಯಲ್ಲಿ ಬೇಲಿ ಕುಳಿತಿದ್ದಾನೆ. ಅವನ ಬೆರಳು ಬಾಯಿಯಲ್ಲಿದೆ. ದಿಕ್ಕು ತೋಚದ ದಂಡನಾಯಕನನ್ನು ತೋರಿಸಲು ಚಿತ್ರಕಾರ ಕಂಡುಕೊಂಡ ಉಪಾಯ ಅದು. ಸೆರೆ ಸಿಕ್ಕ ಬೇಲಿ ಶ್ರೀರಂಗಪಟ್ಟಣದಲ್ಲಿಯೇ 1782ರಲ್ಲಿ ತೀರಿಕೊಂಡನು. ಅವನ ಸ್ಮಾರಕವೊಂದು ಗುಂಬಜ್‌ನ ಸಮೀಪದಲ್ಲಿದೆ.

ಚಿತ್ರಗಳ ಮುಂದಿನ ಕಥೆಯೂ ಕುತೂಹಲಕಾರಿ. 1799ರ ಮೇ 4ರಂದು ಟಿಪ್ಪು ಮಡಿದ ಬಳಿಕ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಈ ಮನೆಯಲ್ಲಿ ಕೆಲಕಾಲ ವಾಸವಾಗಿದ್ದನು. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ಮಾಸಿಹೋಗಿದ್ದ ಚಿತ್ರಗಳನ್ನು ಮತ್ತೆ ಬರೆಸಲು 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಆಜ್ಞೆ ಮಾಡಿದನು. 1959ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಇಲ್ಲಿ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ಬಿಸಿಲು ಮಳೆಗಳಿಂದ ಬಣ್ಣ ಕೆಡದಂತೆ ಪಡಸಾಲೆಗಳಿಗೆ ಪರದೆಗಳನ್ನು ಇಳಿಬಿಟ್ಟು ಈ ಚಿತ್ರಗಳನ್ನು ಕಾಪಾಡಲಾಗಿದೆ.

ಈ ಕೊನೆಯ ವಿವರ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಜಗಲಿ ಹತ್ತಿದವರಿಗೆ ಪರದೆಯ ಒಳಗೆ ಇಡೀ ಯುದ್ಧ ಕಾಣುತ್ತದೆ. ಕೆಳಗೆ ತೋಟದಲ್ಲಿ ನಿಂತವರಿಗೆ ಪರದೆ ಮಾತ್ರ ಕಾಣುತ್ತದೆ. ನನ್ನ ವಿದ್ಯಾರ್ಥಿನಿ ಮುಕ್ಕಾಲು ಗಂಟೆ ನೋಡಿದ್ದು ಅದನ್ನೇ. ಚಿತ್ರದ ಉಳಿವಿಗೆ ಪರದೆ ಅಗತ್ಯ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಸಂರಕ್ಷಣೆಯ ಕೆಲಸ ಚಿತ್ರವನ್ನು ಉಳಿಸುವುದರೊಂದಿಗೆ ಮುಗಿಯುತ್ತದೆಯೇ, ಅದು ಜನರಿಗೆ ತಲುಪುವ ದಾರಿಯೂ ಅದರೊಳಗೆ ಸೇರುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಹೊರುವವರು, ಹೊರಿಸಿಕೊಳ್ಳುವವರು

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ನಡೆಯಲಾರದವರು ಹಿಂದಿನ ಕಾಲದಲ್ಲಿ ಹೇಗೆ ಓಡಾಡುತ್ತಿದ್ದರು?

ಉತ್ತರ ಅವರವರ ಅಂತಸ್ತಿಗೆ ತಕ್ಕಂತೆ ಬೇರೆಯಾಗುತ್ತಿತ್ತು. ರಾಜರು, ರಾಣಿಯರು, ಗುರುಗಳು, ಅಧಿಕಾರಿಗಳು ಪಲ್ಲಕ್ಕಿಯಲ್ಲಿ, ಮೇನೆಯಲ್ಲಿ ಹೋಗುತ್ತಿದ್ದರು. ನಡೆಯಬಲ್ಲವರೂ ಹೊರಿಸಿಕೊಂಡೇ ಹೋಗುತ್ತಿದ್ದರು, ಏಕೆಂದರೆ ಹೊರಿಸಿಕೊಳ್ಳುವುದು ದೊಡ್ಡಸ್ತಿಕೆಯ ಗುರುತು. ಆದ್ದರಿಂದ ರಾಜನಿಗೆ ಕಾಲುನೋವು ಬಂದರೆ ಅವನ ಓಡಾಟದಲ್ಲಿ ಹೊರಗೆ ಕಾಣುವ ಬದಲಾವಣೆ ಏನೂ ಆಗುತ್ತಿರಲಿಲ್ಲ. ಮೆಟ್ಟಿಲು ಎಷ್ಟಿದ್ದರೂ ಹತ್ತುವ ಕಾಲುಗಳು ಬೇರೆಯವರವು. ಕಟ್ಟಡ ಕಟ್ಟುವವನು ಇಳಿಜಾರು ದಾರಿಯ ಬಗ್ಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ.

ಬಡವರ ಸ್ಥಿತಿ ಬೇರೆ. ಮನೆಯವರ ಹೆಗಲು, ಎತ್ತಿನ ಗಾಡಿ, ಒಂದು ಕೋಲು, ಇಷ್ಟೇ ಅವರ ಸಾಧನ. ಕಂಪನಿಯ ಸೈನ್ಯಗಳಲ್ಲಿ ಗಾಯಾಳುಗಳನ್ನು ಸಾಗಿಸಲು ಡೋಲಿಗಳನ್ನು ಬಳಸುತ್ತಿದ್ದದ್ದು ನಿಜ. ಆದರೆ ಪೊಳ್ಳಿಲೂರಿನಂಥ ಸೋಲಿನ ದಿನ ಸಾಮಾನ್ಯ ಸಿಪಾಯಿಯ ಪಾಲಿಗೆ ಬಂದದ್ದು ಬಿದ್ದ ಜಾಗದ ನೆಲ. ಗೋಡೆಯ ಮೇಲಿನ ಚಿತ್ರವನ್ನೇ ನೋಡಿ: ಮೇನೆ ಒಂದೇ ಇದೆ, ಅದರಲ್ಲಿ ಕುಳಿತವನಿಗೆ ಹೆಸರಿದೆ. ಉರುಳಿ ಬಿದ್ದವರಿಗೆ ಹೆಸರಿಲ್ಲ. ಮೇನೆ ಹೊತ್ತವರಿಗೂ ಇಲ್ಲ.

ಹೊರುವ ಪದ್ಧತಿ ಪೂರ್ತಿಯಾಗಿ ಮರೆಯಾಗಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಗೊಮ್ಮಟನ ಸನ್ನಿಧಿಗೆ ಬಂಡೆಯಲ್ಲಿ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ವೃದ್ಧರನ್ನೂ ಅಶಕ್ತರನ್ನೂ ಅಲ್ಲಿ ಡೋಲಿಯಲ್ಲಿ ಕೂರಿಸಿ ಮೇಲಕ್ಕೆ ಒಯ್ಯುವವರಿದ್ದಾರೆ. ಡೋಲಿ ಹೊರುವವರ ಶ್ರಮದಿಂದ ಎಷ್ಟೋ ಹಿರಿಯರು ತಮ್ಮ ಜೀವಮಾನದ ಆಸೆಯನ್ನು ಪೂರೈಸಿಕೊಂಡಿದ್ದಾರೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ಹೊರಿಸಿಕೊಳ್ಳುವುದೊಂದೇ ದಾರಿ ಎನ್ನುವಾಗ ಅದನ್ನು ಒಲ್ಲದವರು ಹೊರಗೇ ಉಳಿಯುತ್ತಾರೆ. "ಎತ್ಕೊಂಡು ಹೋಗೋದು ಬೇಡ" ಎಂದ ಹುಡುಗಿ ಸಹಾಯವನ್ನು ತಿರಸ್ಕರಿಸಿದ್ದಲ್ಲ. ತನ್ನ ಕಾಲ ಮೇಲೆ, ತನ್ನ ಕೋಲಿನ ಮೇಲೆ ಬರುವ ದಾರಿಯನ್ನು ಅಪೇಕ್ಷಿಸಿದಳು, ಅಷ್ಟೆ.

ಹಡ್ಸನ್ ದಂಡೆಯ ಒಂದು ಮನೆ

ಹಾಗಾದರೆ ದೊಡ್ಡ ಮನೆಯ ಒಡೆಯನೇ ಹೊರಿಸಿಕೊಳ್ಳಲು ಇಷ್ಟಪಡದವನಾಗಿದ್ದರೆ? ಇದಕ್ಕೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. ಅದಕ್ಕಾಗಿ ನಾವು ಕಾವೇರಿಯ ದಂಡೆಯಿಂದ ಅಮೆರಿಕದ ಹಡ್ಸನ್ ನದಿಯ ದಂಡೆಗೆ ಹೋಗಬೇಕು.

ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬ ಊರಿನಲ್ಲಿ ಸ್ಪ್ರಿಂಗ್‌ವುಡ್ ಎಂಬ ಮನೆಯಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹುಟ್ಟಿದ್ದು ಅದೇ ಮನೆಯಲ್ಲಿ, 1882ರಲ್ಲಿ. 1915ರಲ್ಲಿ ಮನೆಯನ್ನು ವಿಸ್ತರಿಸಿ, ಎರಡು ಬದಿಗೂ ಹೊಸ ಭಾಗಗಳನ್ನು ಸೇರಿಸಿ ಭವ್ಯವಾಗಿ ಕಟ್ಟಿಸಲಾಯಿತು. ಆರು ವರ್ಷಗಳ ಬಳಿಕ, 1921ರ ಆಗಸ್ಟ್‌ನಲ್ಲಿ, ಪೋಲಿಯೋ ಎಂದು ವೈದ್ಯರು ಗುರುತಿಸಿದ ಕಾಯಿಲೆಯಿಂದ 39 ವರ್ಷದ ರೂಸ್‌ವೆಲ್ಟರ ಎರಡೂ ಕಾಲುಗಳು ಸ್ವಾಧೀನ ತಪ್ಪಿದವು. ತಾವು ಹುಟ್ಟಿ ಬೆಳೆದ ಮನೆಯ ಮೆಟ್ಟಿಲನ್ನು ಅವರು ಹತ್ತಲಾರದವರಾದರು.

ಆಗ ಮನೆಯೇ ಅವರಿಗೆ ತಕ್ಕಂತೆ ಬದಲಾಯಿತು. ಪೆಟ್ಟಿಗೆಗಳನ್ನು ಮೇಲಂತಸ್ತಿಗೆ ಸಾಗಿಸಲು ಇದ್ದ ಸಣ್ಣ ಲಿಫ್ಟಿನಲ್ಲಿ ಅವರು ಗಾಲಿಕುರ್ಚಿಯೊಂದಿಗೆ ಕುಳಿತು, ಹಗ್ಗವನ್ನು ತಮ್ಮ ಕೈಯಿಂದಲೇ ಎಳೆದು ಮೇಲೇರುತ್ತಿದ್ದರು. ಅವರಿಗೆ ಬೆಂಕಿಯ ಭಯ ಬಹಳವಾಗಿತ್ತು. ವಿದ್ಯುತ್ ಕೈಕೊಟ್ಟರೆ ಲಿಫ್ಟು ನಿಂತೀತು, ಆದರೆ ಹಗ್ಗ ಕೈಕೊಡುವುದಿಲ್ಲ ಎಂಬುದು ಲೆಕ್ಕಾಚಾರ. ನೆಲ ಏರುಪೇರಾದ ಕಡೆ ಮರದ ಹಲಗೆಯ ಇಳಿಜಾರುಗಳು ಬಂದವು. ಅವರ ಗಾಲಿಕುರ್ಚಿಯೂ ಸಾಮಾನ್ಯ ಕುರ್ಚಿಗೆ ಗಾಲಿ ಜೋಡಿಸಿ ಮಾಡಿದ್ದು. ಇಕ್ಕಟ್ಟಾದ ಬಾಗಿಲುಗಳಲ್ಲಿ ಅದು ಸುಲಭವಾಗಿ ತೂರುತ್ತಿತ್ತು. ಕಾರನ್ನು ಕೈಯಿಂದಲೇ ನಡೆಸುವಂತೆ ಮಾರ್ಪಡಿಸಿಕೊಂಡು ತೋಟ, ಕಾಡುಗಳ ದಾರಿಯಲ್ಲಿ ತಾವೇ ಓಡಿಸುತ್ತಿದ್ದರು.

ಇದಕ್ಕಿಂತ ಗಮನಾರ್ಹವಾದದ್ದು ಅವರು ಅದೇ ಊರಿನ ಗುಡ್ಡದ ಮೇಲೆ 1938-39ರಲ್ಲಿ ಕಟ್ಟಿಸಿದ ಟಾಪ್ ಕಾಟೇಜ್ ಎಂಬ ಚಿಕ್ಕ ಮನೆ. ಅದರ ವಿನ್ಯಾಸದಲ್ಲಿ ಅವರದೇ ಕೈಯಿತ್ತು. ನಮ್ಮಲ್ಲಿ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುತ್ತೇವೆ. ಆ ಮನೆಯ ಬಾಗಿಲುಗಳಲ್ಲಿ ಹೊಸ್ತಿಲೇ ಇಲ್ಲ. ಜಗಲಿಯಿಂದ ಹುಲ್ಲುಹಾಸಿಗೆ ಇಳಿಯಲು ಮೆಟ್ಟಿಲಿನ ಬದಲು ಮಣ್ಣಿನ ಇಳಿಜಾರು. ಇಂಗ್ಲೆಂಡಿನ ದೊರೆ ಆರನೆಯ ಜಾರ್ಜ್ 1939ರ ಜೂನ್‌ನಲ್ಲಿ ಬಂದಾಗ ಊಟದ ಕೂಟ ನಡೆದದ್ದು ಅದೇ ಜಗಲಿಯಲ್ಲಿ. ದೊರೆ ಅತಿಥಿಯಾಗಿ ಬಂದ ಮನೆಗೂ ಎತ್ತರದ ಮೆಟ್ಟಿಲು ಅನಿವಾರ್ಯವಲ್ಲ ಎಂಬುದಕ್ಕೆ ಅದು ಸಾಕ್ಷಿ.

ಆದರೆ ಮನೆಯ ಹೊರಗೆ ರೂಸ್‌ವೆಲ್ಟ್ ತಮ್ಮ ಸ್ಥಿತಿಯನ್ನು ಮರೆಮಾಡಿದರು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ, ಮಗನ ತೋಳು ಹಿಡಿದು ನಿಲ್ಲುತ್ತಿದ್ದರು. ಗಾಲಿಕುರ್ಚಿಯಲ್ಲಿ ಅವರಿರುವ ಛಾಯಾಚಿತ್ರಗಳು ಬೆರಳೆಣಿಕೆಯಷ್ಟು. ನಡೆಯಲಾರದವನು ದೇಶವನ್ನು ನಡೆಸಬಲ್ಲನೇ ಎಂದು ಜನ ಸಂಶಯಪಟ್ಟಾರೆಂಬ ಅಳುಕು ಆ ಕಾಲದ್ದು. 1945ರಲ್ಲಿ ತೀರಿಕೊಂಡ ಅವರನ್ನು ಮನೆಯ ಗುಲಾಬಿ ತೋಟದಲ್ಲಿ ಸಮಾಧಿ ಮಾಡಲಾಯಿತು. 1946ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ವಾಷಿಂಗ್ಟನ್ ನಗರದಲ್ಲಿ 1997ರಲ್ಲಿ ಅವರ ಸ್ಮಾರಕ ಉದ್ಘಾಟನೆಯಾದಾಗ, ಮುಖ್ಯ ಪ್ರತಿಮೆಯಲ್ಲಿ ಉದ್ದನೆಯ ಹೊದಿಕೆ ಕುರ್ಚಿಯನ್ನು ಬಹುಪಾಲು ಮುಚ್ಚಿತ್ತು. ಅಂಗವಿಕಲರ ಸಂಘಟನೆಗಳು ಇದನ್ನು ಪ್ರತಿಭಟಿಸಿದವು, ಹಣ ಕೂಡಿಸಿದವು. 2001ರ ಜನವರಿಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತ ರೂಸ್‌ವೆಲ್ಟರ ಪ್ರತಿಮೆಯನ್ನು ಸ್ಮಾರಕದ ಪ್ರವೇಶದಲ್ಲಿ ಸ್ಥಾಪಿಸಲಾಯಿತು. ಅರವತ್ತು ವರ್ಷ ಹಿಂದೆ ಬಚ್ಚಿಟ್ಟದ್ದು ಬಾಗಿಲಲ್ಲೇ ನಿಂತಿತು.

ಅನುಗ್ರಹದಿಂದ ಹಕ್ಕಿಗೆ

ಕಾಕತಾಳೀಯವೆಂಬಂತೆ ಅದೇ 2001ರ ಜನವರಿಯಲ್ಲಿ ವಿಖ್ಯಾತ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಭಾರತಕ್ಕೆ ಬಂದಿದ್ದರು. ಗಾಲಿಕುರ್ಚಿಯಲ್ಲಿ ಬಂದ ಅವರಿಗಾಗಿ ದೆಹಲಿಯ ಕುತುಬ್ ಮಿನಾರ್, ಜಂತರ್ ಮಂತರ್ ಮೊದಲಾದ ಸ್ಮಾರಕಗಳಲ್ಲಿ ಮರದ ಇಳಿಜಾರುಗಳನ್ನು ಹಾಕಲಾಯಿತು. ಶತಮಾನಗಳ ಕಾಲ ಅಸಾಧ್ಯವೆಂದು ತೋರಿದ್ದು ಕೆಲವೇ ದಿನಗಳಲ್ಲಿ ಸಾಧ್ಯವಾಯಿತು. ಕಟ್ಟಡಗಳಿಗೆ ಯಾವ ಧಕ್ಕೆಯೂ ಆಗಲಿಲ್ಲ.

ಇಲ್ಲಿ ನಿಮಗೆ ಒಂದು ಎಳೆ ಕಾಣಬೇಕು. ದಂಡನಾಯಕನಿಗೆ ಮೇನೆ ಸಿಕ್ಕಿತು, ಅಧ್ಯಕ್ಷರಿಗೆ ಮನೆಯೇ ಬದಲಾಯಿತು, ವಿಶ್ವವಿಖ್ಯಾತ ಅತಿಥಿಗೆ ಇಳಿಜಾರು ಬಂತು. ಹೆಸರಿದ್ದವರಿಗೆ ದಾರಿ ಯಾವಾಗಲೂ ಸಿಕ್ಕಿದೆ. ಹೆಸರಿಲ್ಲದವರಿಗೂ ಅದು ಸಿಗಬೇಕು ಎನ್ನುವುದೇ ಪ್ರಜಾಪ್ರಭುತ್ವದ ಮಾತು.

ಆ ಮಾತು ನಮ್ಮಲ್ಲಿ ಕಾನೂನಾದದ್ದು ಹಂತಹಂತವಾಗಿ. ಅಂಗವಿಕಲ ವ್ಯಕ್ತಿಗಳಿಗೆ ಸಮಾನ ಅವಕಾಶ ನೀಡುವ 1995ರ ಅಧಿನಿಯಮ 1996ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಸಾರ್ವಜನಿಕ ಕಟ್ಟಡಗಳಲ್ಲಿ ಇಳಿಜಾರು ಇರಬೇಕೆಂದು ಅದು ಹೇಳಿತು, ಆದರೆ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸಿತ್ತು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿತು. ಅದರ 30ನೆಯ ವಿಧಿ ಸಾಧ್ಯವಾದ ಮಟ್ಟಿಗೆ ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೂ ಪ್ರವೇಶ ಸಿಗಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ ಆರಂಭವಾಯಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಹಿಂದಿನ ಏಳು ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಲು ಐದು ವರ್ಷಗಳ ಗಡುವನ್ನು ಹಾಕಿತು. ಶೀರ್ಷಿಕೆಯಲ್ಲಿಯೇ "ಹಕ್ಕು" ಎಂಬ ಪದ ಬಂದುದನ್ನು ಗಮನಿಸಿ.

ಇದು ಕೆಲವೇ ಜನರ ಪ್ರಶ್ನೆಯಲ್ಲ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಸುಮಾರು ಐದನೆಯ ಒಂದು ಭಾಗ ಜನ ಚಲನೆಯ ತೊಂದರೆ ಇರುವವರು. 2014ರಲ್ಲಿ ಭಾರತ ಪೋಲಿಯೋಮುಕ್ತವೆಂಬ ಘೋಷಣೆಯಾದದ್ದು ಸಂತೋಷದ ವಿಷಯ. ಆದರೆ ಮಂಡಿನೋವಿನ ಅಜ್ಜಿ, ಪಾರ್ಶ್ವವಾಯು ತಗುಲಿದ ತಂದೆ, ಅಪಘಾತದಲ್ಲಿ ಕಾಲು ಮುರಿದುಕೊಂಡ ಗೆಳೆಯ, ತುಂಬು ಗರ್ಭಿಣಿಯಾದ ಅಕ್ಕ ಇವರೆಲ್ಲರೂ ಮೆಟ್ಟಿಲ ಕೆಳಗೆ ನಿಲ್ಲುವವರೇ. ವಯಸ್ಸಾಗುವವರೆಗೆ ಬದುಕಿದರೆ ನಮ್ಮಲ್ಲಿ ಹೆಚ್ಚಿನವರು ಒಂದು ದಿನ ಅಲ್ಲಿ ನಿಲ್ಲಬೇಕಾದವರೇ.

ಐದು ಅಡಿ ಎತ್ತರದ ಲೆಕ್ಕ

"ಹಾಗಾದರೆ ಎಲ್ಲ ಕಡೆ ಇಳಿಜಾರು ಕಟ್ಟಿಬಿಡಬಹುದಲ್ಲ?" ಎಂದು ನೀವು ಕೇಳಬಹುದು. ಅಷ್ಟು ಸುಲಭವಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಗಾಲಿಕುರ್ಚಿಯಲ್ಲಿರುವವರು ತಮ್ಮ ತೋಳಿನ ಬಲದಿಂದಲೇ ಏರಬೇಕಾದರೆ ಇಳಿಜಾರು ಹನ್ನೆರಡಕ್ಕೆ ಒಂದರ ಪ್ರಮಾಣದಲ್ಲಿರಬೇಕು ಎಂಬುದು ಬಳಕೆಯಲ್ಲಿರುವ ನಿಯಮ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಐದು ಅಡಿ ಜಗಲಿಗೆ ಅರವತ್ತು ಅಡಿ, ಅಂದರೆ ಸುಮಾರು 18 ಮೀಟರ್ ಉದ್ದದ ದಾರಿ ಬೇಕು. ನಡುವೆ ಉಸಿರು ತೆಗೆದುಕೊಳ್ಳಲು ಸಮತಟ್ಟಾದ ಜಾಗಗಳೂ ಬೇಕು. ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಇಳಿಜಾರು ಕಡಿದಾಗಿ ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ. ಎಷ್ಟೋ ಕಡೆ ಕಣ್ಣೊರೆಸಲು ಕಟ್ಟಿದ ಕಡಿದಾದ ಇಳಿಜಾರುಗಳು ಯಾರ ಉಪಯೋಗಕ್ಕೂ ಬಾರದೆ ಸೈಕಲ್ ಏರಿಸುವುದಕ್ಕೆ ಮಾತ್ರ ಬಳಕೆಯಾಗುವುದು ಇದಕ್ಕೇ.

ಅರವತ್ತು ಅಡಿಯ ಸಿಮೆಂಟಿನ ದಾರಿಯನ್ನು ತೋಟಕ್ಕೆ ಎದುರಾಗಿ ಕಟ್ಟಿದರೆ, ಎರಡೂ ಬದಿ ಸಮನಾಗಿ ಕಾಣಲೆಂದು ರೂಪಿಸಿದ ಐತಿಹಾಸಿಕ ಮನೆಯ ಅಂದವೇ ಕೆಡುತ್ತದೆ. ನೆಲ ಅಗೆದರೆ ಅಡಿಯಲ್ಲಿರುವ ಹಳೆಯ ಅಡಿಪಾಯಕ್ಕೂ ಅವಶೇಷಗಳಿಗೂ ಹಾನಿಯಾದೀತು. ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಅಧಿನಿಯಮದ ರಕ್ಷಣೆಯೂ ಇದೆ. ಆದ್ದರಿಂದ ಸಂರಕ್ಷಣಾ ತಜ್ಞರು ಒಂದು ಸೂತ್ರವನ್ನು ಪಾಲಿಸುತ್ತಾರೆ: ಸೇರಿಸಿದ್ದನ್ನು ಮುಂದೊಂದು ದಿನ ಗುರುತೂ ಉಳಿಯದಂತೆ ತೆಗೆಯಲು ಸಾಧ್ಯವಾಗಬೇಕು. ಮರದ ಅಥವಾ ಉಕ್ಕಿನ ಇಳಿಜಾರು, ಹಳೆಯ ಕಲ್ಲಿಗೆ ಮೊಳೆ ಹೊಡೆಯದೆ ಅದರ ಪಕ್ಕದಲ್ಲಿ ತಾನಾಗಿ ನಿಲ್ಲುವಂಥದು. ಎದುರಿಗೆ ಬೇಡ, ಬದಿಯಲ್ಲೋ ಹಿಂದೆಯೋ ಇರಲಿ. ಉದ್ದ ಹೆಚ್ಚಾದರೆ ಎರಡು ಮಡಿಕೆಯಾಗಿ ತಿರುಗಲಿ. ತೋಟದ ದಾರಿಯಲ್ಲಿ ಸಡಿಲ ಜಲ್ಲಿಯ ಬದಲು ಗಟ್ಟಿಯಾದ ನೆಲವಿರಲಿ. ಅಲ್ಲಲ್ಲಿ ಒರಗಿ ಕೂರುವ ಬೆಂಚುಗಳಿರಲಿ.

ಎಲ್ಲವನ್ನೂ ಎಲ್ಲರಿಗೂ ತಲುಪಿಸಲು ಆಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ದರಿಯಾ ದೌಲತ್‌ನ ಗೋಡೆಯೊಳಗಿನ ಇಕ್ಕಟ್ಟಾದ ಮೆಟ್ಟಿಲುಸಾಲನ್ನು ಒಡೆದು ಲಿಫ್ಟು ಕೂರಿಸಿದರೆ ನೋಡಲು ಮನೆಯೇ ಉಳಿಯದು. ಅಂಥ ಕಡೆ ಮೇಲಂತಸ್ತಿನ ದೊಡ್ಡ ಛಾಯಾಚಿತ್ರಗಳನ್ನೋ ಮಾದರಿಯನ್ನೋ ಕೆಳಗೆ, ಕುಳಿತವರ ಕಣ್ಣಿನ ಮಟ್ಟದಲ್ಲಿ ಇಡಬಹುದು. ಮುಖ್ಯವಾದ ಮಾತೆಂದರೆ, "ಆಗುವುದಿಲ್ಲ" ಎನ್ನುವುದು ಪ್ರಯತ್ನದ ಕೊನೆಗೆ ಬರುವ ಉತ್ತರವಾಗಬೇಕೇ ಹೊರತು ಮೊದಲ ಉತ್ತರವಾಗಬಾರದು.

ನೀವು ಪ್ರವಾಸ ಹೊರಡುವ ಮುನ್ನ

ಕಾನೂನು, ಇಲಾಖೆಗಳು ಮಾಡಬೇಕಾದದ್ದು ಒಂದು ಕಡೆ ಇರಲಿ. ನಮ್ಮ ಕೈಯಲ್ಲಿ ಇರುವುದೂ ಸಾಕಷ್ಟಿದೆ. ಶಾಲಾ ಕಾಲೇಜುಗಳ ಪ್ರವಾಸದಲ್ಲಿ ಓಡಾಟದ ತೊಂದರೆ ಇರುವ ಸಹಪಾಠಿಯಿದ್ದರೆ, ಜಾಗ ಆರಿಸುವ ಮೊದಲೇ ಅವರೊಡನೆ ಮಾತಾಡಿ. ಎಷ್ಟು ದೂರ ನಡೆಯಬಲ್ಲರು, ಎಷ್ಟು ಮೆಟ್ಟಿಲು ಹತ್ತಬಲ್ಲರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಸ್ಥಳದವರಿಗೆ ಮುಂಚಿತವಾಗಿ ತಿಳಿಸಿ, ಗಾಲಿಕುರ್ಚಿ, ಇಳಿಜಾರು, ಶೌಚಾಲಯ, ವಾಹನ ನಿಲ್ಲುವ ಜಾಗದಿಂದ ಬಾಗಿಲಿಗಿರುವ ದೂರ ಇವನ್ನೆಲ್ಲ ವಿಚಾರಿಸಿ. ಬೆಳಗಿನ ತಂಪಿನಲ್ಲಿ, ಜನಸಂದಣಿ ಕಡಿಮೆಯಿರುವಾಗ ಹೋಗಿ. ನಾಲ್ಕು ಜಾಗಗಳನ್ನು ಓಡುತ್ತಾ ನೋಡುವ ಬದಲು ಎರಡನ್ನು ನಿಧಾನವಾಗಿ ನೋಡಿ. ತರಗತಿಯ ವೇಗ ಅತ್ಯಂತ ನಿಧಾನವಾಗಿ ನಡೆಯುವವರ ವೇಗವಾಗಲಿ, ಇತಿಹಾಸ ಓಡಿಹೋಗುವುದಿಲ್ಲ.

ಸಹಾಯ ಮಾಡುವ ಮುನ್ನ ಕೇಳಿ. ಊರುಗೋಲನ್ನೋ ಗಾಲಿಕುರ್ಚಿಯನ್ನೋ ಅವರ ಅನುಮತಿಯಿಲ್ಲದೆ ಮುಟ್ಟಬೇಡಿ. "ಬೇಡ" ಎಂದರೆ ಬೇಸರಪಡಬೇಡಿ, ಬೇರೆ ದಾರಿ ಹುಡುಕಿ. ಏನೂ ಸಾಧ್ಯವಾಗದಿದ್ದರೆ ಒಬ್ಬರನ್ನು ಕೆಳಗೆ ಬಿಟ್ಟು ಹೋಗುವ ಬದಲು ಪಾಠವನ್ನೇ ಕೆಳಗೆ, ತೋಟದಲ್ಲಿ ಮಾಡಬಹುದು. ದೊಡ್ಡ ಚಿತ್ರಗಳನ್ನು ಮೊದಲೇ ಸಿದ್ಧಪಡಿಸಿಕೊಂಡು ಮರದ ನೆರಳಿನಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಪೊಳ್ಳಿಲೂರಿನ ಕಥೆಯನ್ನು ಕೇಳಬಹುದಿತ್ತು. ಅಂದು ನನಗೆ ಅಷ್ಟು ಹೊಳೆಯಲಿಲ್ಲ. ಆ ತಪ್ಪು ಮೆಟ್ಟಿಲಿನದಲ್ಲ, ನನ್ನದು.

ಈ ಲೇಖನವನ್ನು ಓದಿದ ಮೇಲೆ ನೀವು ಯಾವುದೇ ಅರಮನೆಗೆ ಹೋದಾಗ ಗೋಡೆ, ಗೋಪುರಗಳ ಜೊತೆಗೆ ಮೆಟ್ಟಿಲನ್ನೂ ಒಮ್ಮೆ ನೋಡಿ. ಅದು ಯಾರಿಗಾಗಿ ಕಟ್ಟಿದ್ದು, ಯಾರು ಅದನ್ನು ಹತ್ತಿದರು, ಯಾರು ಹೊತ್ತರು, ಯಾರು ಕೆಳಗೇ ಉಳಿದರು ಎಂದು ಕೇಳಿಕೊಳ್ಳಿ. ಹಿಂದಿರುಗಿ ಬರುವಾಗ, ನೆರಳಲ್ಲಿ ಕುಳಿತವರು ಯಾರಾದರೂ ಇದ್ದರೆ ಅವರ ಪ್ರಶ್ನೆಯನ್ನು ಕೇಳಲು ಮರೆಯಬೇಡಿ.

ಚರ್ಚೆಗೆ ಮತ್ತು ಅಭ್ಯಾಸಕ್ಕೆ

1. ನಿಮ್ಮ ಊರಿನ ಹಳೆಯ ಕಟ್ಟಡವೊಂದರ ಪ್ರವೇಶದ್ವಾರದಲ್ಲಿ ಎಷ್ಟು ಮೆಟ್ಟಿಲುಗಳಿವೆ? ಒಟ್ಟು ಎತ್ತರವನ್ನು ಅಳೆದು, ಹನ್ನೆರಡಕ್ಕೆ ಒಂದರ ಪ್ರಮಾಣದಲ್ಲಿ ಬೇಕಾಗುವ ಇಳಿಜಾರಿನ ಉದ್ದವನ್ನು ಲೆಕ್ಕ ಹಾಕಿ. ಅದನ್ನು ಎಲ್ಲಿ ಇಡಬಹುದೆಂದು ನಕ್ಷೆ ಬರೆಯಿರಿ.

2. ಕಟ್ಟಡದ ಮೂಲರೂಪವನ್ನು ಉಳಿಸುವುದು, ಎಲ್ಲರಿಗೂ ಪ್ರವೇಶ ಕೊಡುವುದು, ಈ ಎರಡರ ನಡುವೆ ವಿರೋಧ ಬಂದಾಗ ಹೇಗೆ ನಿರ್ಧರಿಸಬೇಕು? ತರಗತಿಯಲ್ಲಿ ಎರಡು ಪಕ್ಷಗಳಾಗಿ ಚರ್ಚಿಸಿ.

3. ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರನ್ನು, ಅವರು ನೋಡಬೇಕೆಂದು ಬಯಸಿ ನೋಡಲಾಗದ ಐತಿಹಾಸಿಕ ಸ್ಥಳ ಯಾವುದೆಂದು ಕೇಳಿ. ಅಡ್ಡಿಯಾದದ್ದು ಏನೆಂದು ಒಂದು ಪುಟದಲ್ಲಿ ಬರೆಯಿರಿ.